ಎರಡೇ ಬಾಟಲಿಗೆ ಜಾಗ: ಬರೋಲೊ, ಬ್ರುನೆಲ್ಲೊ, ಅಮರೋನೆಗಳಲ್ಲಿ ಯಾವುದನ್ನು ಆರಿಸೋದು?

ಡಿಸೆಂಬರಿನಲ್ಲಿ ಇಟಲಿಯ ತೊರೀನೊದಿಂದ ಮೈಸೂರಿಗೆ ಹೊರಡುವ ಮುಂಚೆ ಪ್ರತಿ ಸಲವೂ ನನಗೆ ಇದೇ ಲೆಕ್ಕ. ವಿದೇಶದಿಂದ ಭಾರತಕ್ಕೆ ಬರುವವರು ಸುಂಕ ಕಟ್ಟದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್. ವೈನ್ ಬಾಟಲಿಯಲ್ಲಿ 750 ಮಿಲಿ ಇರುತ್ತದೆ. ಎರಡು ಇಟ್ಟರೆ ಒಂದೂವರೆ ಲೀಟರ್. ಮೂರನೆಯದನ್ನೂ ಇಟ್ಟರೆ ಎರಡೂಕಾಲು ಲೀಟರ್ ಆಗಿ ಮಿತಿ ದಾಟುತ್ತದೆ. ಮನೆಯಲ್ಲಿ ಅಣ್ಣ, ಭಾವ, ಅವರ ಸ್ನೇಹಿತರು ಕಾಯುತ್ತಿರುತ್ತಾರೆ. "ಇಟಲಿಯ ಒಳ್ಳೇ ಕೆಂಪು ವೈನ್ ತಗೊಂಡು ಬಾ" ಅಂತ ಅಷ್ಟೇ ಹೇಳುತ್ತಾರೆ. ಯಾವುದು ಒಳ್ಳೇದು ಅಂತ ತೀರ್ಮಾನಿಸುವ ಕೆಲಸ ನನ್ನದು.

ಇಟಲಿಯ ದೊಡ್ಡ ಕೆಂಪು ವೈನ್ ಅಂದರೆ ಇಲ್ಲಿನವರ ಬಾಯಲ್ಲಿ ಮೊದಲು ಬರುವುದು ಮೂರು ಹೆಸರು. ಪಿಯೆಮೊಂತೆಯ ಬರೋಲೊ, ತೊಸ್ಕಾನಾದ ಬ್ರುನೆಲ್ಲೊ ದಿ ಮೊಂತಾಲ್ಚಿನೊ, ವೆನೆತೊದ ಅಮರೋನೆ. ಅಂಗಡಿಯಲ್ಲಿ ಮೂರೂ ಒಂದೇ ಕಪಾಟಿನಲ್ಲಿ ಕೂತಿರುತ್ತವೆ. ಬೆಲೆಯೂ ಹತ್ತಿರ ಹತ್ತಿರ. ಒಳ್ಳೆಯ ತಯಾರಕರ ಬಾಟಲಿ ಇಟಲಿಯಲ್ಲಿ ಸುಮಾರು 35ರಿಂದ 60 ಯೂರೊಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಕೊಂಡರೆ ಸುಂಕ, ತೆರಿಗೆ ಎಲ್ಲ ಸೇರಿ ಬಹಳ ಜಾಸ್ತಿ ಆಗುತ್ತದೆ. ಅಷ್ಟು ದುಡ್ಡು ಕೊಟ್ಟು ತಂದ ಮೇಲೆ ಯಾರಿಗೂ ಇಷ್ಟವಾಗದಿದ್ದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬೆಲೆ ನೋಡಿ ಇವನ್ನು ಆರಿಸಲು ಆಗುವುದಿಲ್ಲ. ವಿಮರ್ಶಕರು ಕೊಡುವ ಅಂಕ ನೋಡಿಯೂ ಆಗುವುದಿಲ್ಲ. ಯಾಕೆಂದರೆ ಮೂರಕ್ಕೂ 90ರ ಮೇಲೆ ಅಂಕ ಬಿದ್ದಿರುತ್ತದೆ. ಎರಡು ಪ್ರಶ್ನೆ ಕೇಳಿಕೊಂಡರೆ ದಾರಿ ಸಿಗುತ್ತದೆ. ಕುಡಿಯುವವರ ಬಾಯಿಗೆ ಯಾವುದು ಒಗ್ಗುತ್ತದೆ: ಒಗರೋ, ಹುಳಿಯೋ, ಒಣಹಣ್ಣಿನ ತುಂಬು ರುಚಿಯೋ? ಬಾಟಲಿ ತೆರೆಯುವುದು ಯಾವಾಗ: ಈ ವಾರವೋ, ಹತ್ತು ವರ್ಷ ಬಿಟ್ಟೋ?

ಬರೋಲೊ: ಒಗರಿನ ವೈನ್

ಒಗರು ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೇರಳೆಹಣ್ಣು ತಿಂದಾಗ, ಎಳೆ ಅಡಿಕೆ ಅಗಿದಾಗ ನಾಲಿಗೆ ಒರಟಾಗಿ ಒಸಡು ಬಿಗಿಯುತ್ತದಲ್ಲ, ಅದೇ. ವೈನಿನಲ್ಲಿ ಈ ಒಗರು ಬರುವುದು ಟ್ಯಾನಿನ್‌ನಿಂದ. ದ್ರಾಕ್ಷಿಯ ಸಿಪ್ಪೆ, ಬೀಜ, ಜೊತೆಗೆ ವೈನ್ ಇಡುವ ಮರದ ಪೀಪಾಯಿಯಿಂದಲೂ ಇದು ಇಳಿಯುತ್ತದೆ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಜೊಲ್ಲಿನ ಜಾರುತನ ಹೋಗಿ ಬಾಯಿ ಒಣಗಿದ ಹಾಗೆ ಆಗುತ್ತದೆ.

ಬರೋಲೊ ಮಾಡುವುದು ನೆಬ್ಬಿಯೋಲೊ ಅನ್ನುವ ಒಂದೇ ದ್ರಾಕ್ಷಿಯಿಂದ. ಬೇರೆ ತಳಿ ಒಂದು ಹನಿಯೂ ಸೇರುವಂತಿಲ್ಲ. ಆಲ್ಬಾ ಪಟ್ಟಣದ ದಕ್ಷಿಣಕ್ಕಿರುವ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಬೆಳೆದದ್ದಕ್ಕೆ ಮಾತ್ರ ಈ ಹೆಸರು. 2014ರಲ್ಲಿ ಯುನೆಸ್ಕೊ ಈ ದ್ರಾಕ್ಷಿ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಟಾಲಿಯನ್ನಿನಲ್ಲಿ 'ನೆಬ್ಬಿಯಾ' ಅಂದರೆ ಮಂಜು. ಅಕ್ಟೋಬರಿನಲ್ಲಿ ಈ ದ್ರಾಕ್ಷಿ ಮಾಗುವಾಗ ಕಣಿವೆ ತುಂಬ ಮಂಜು ಇಳಿದಿರುತ್ತದೆ. ಹೆಸರು ಅಲ್ಲಿಂದ ಬಂತು ಅನ್ನುತ್ತಾರೆ. ತೊರೀನೊದಿಂದ ಕಾರಿನಲ್ಲಿ ಹೋದರೆ ಒಂದು ಗಂಟೆ ಚಿಲ್ಲರೆ. ಆ ಮಂಜಿನಲ್ಲಿ ಬೆಳಿಗ್ಗೆ ಲಾ ಮೊರ್ರಾ ಊರಿನ ಮೇಲೆ ನಿಂತರೆ ಕೆಳಗಿನ ತೋಟಗಳು ಕಾಣುವುದೇ ಇಲ್ಲ, ಗುಡ್ಡದ ನೆತ್ತಿಗಳು ಮಾತ್ರ ತೇಲುತ್ತಿರುತ್ತವೆ.

ಬರೋಲೊ ಬಗ್ಗಿಸಿದಾಗ ಹೊಸಬರಿಗೆ ಮೊದಲು ಅನುಮಾನ ಬರುವುದು ಬಣ್ಣದ ಮೇಲೆ. ತೆಳು ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಗ್ಲಾಸಿನ ಹಿಂದೆ ಬೆರಳು ಹಿಡಿದರೆ ಕಾಣುತ್ತದೆ. "ನೀರು ಬೆರೆಸಿದ್ದಾರಾ?" ಅಂತ ನಮ್ಮ ಭಾವ ಕೇಳಿದ್ದರು. ಬಣ್ಣ ತೆಳು, ಒಗರು ಮಾತ್ರ ಗಟ್ಟಿ. ನೆಬ್ಬಿಯೋಲೊದ ಗುಣವೇ ಇದು. ಮೂಗಿಗೆ ಒಣಗಿದ ಗುಲಾಬಿ ದಳ, ಡಾಂಬರು, ಅತಿಮಧುರದ ಬೇರು. ವರ್ಷ ಕಳೆದ ಬಾಟಲಿಯಲ್ಲಿ ಹೊಗೆಸೊಪ್ಪು, ಚರ್ಮ, ಅಣಬೆ. ಗುಲಾಬಿ ಮತ್ತು ಡಾಂಬರು ಒಟ್ಟಿಗೆ ಹೇಗೆ ಇರುತ್ತವೆ ಅನ್ನಿಸಬಹುದು. ಒಂದು ಸಲ ಮೂಗಿಟ್ಟರೆ ಮತ್ತೆ ಮರೆಯುವುದಿಲ್ಲ.

ನಿಯಮದ ಪ್ರಕಾರ ಬರೋಲೊ ಮಾರಾಟಕ್ಕೆ ಬರುವ ಮುಂಚೆ ಕನಿಷ್ಠ 38 ತಿಂಗಳು ಮಾಗಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. 'ರಿಸೇರ್ವಾ' ಅಂತ ಬರೆದಿದ್ದರೆ 62 ತಿಂಗಳು. ಇಷ್ಟಾದರೂ ಅಂಗಡಿಗೆ ಬಂದಾಗ ಅದು ಇನ್ನೂ ಎಳೆಯದು. ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಬಾಟಲಿಯ ಬೆಲೆ ತೆತ್ತು. 2016 ಬರೋಲೊಗೆ ತುಂಬ ಒಳ್ಳೆಯ ವರ್ಷ. ಅದರ ಒಂದು ಬಾಟಲಿಯನ್ನು 2021ರಲ್ಲಿ ಊರಿಗೆ ತಂದೆ. ತಂದ ದಿನವೇ ತೆರೆದು, ಖಾರವಾದ ಮಟನ್ ಪಲಾವ್ ಜೊತೆ ಎಲ್ಲರಿಗೂ ಬಗ್ಗಿಸಿದೆ. ಒಗರು, ಖಾರ ಎರಡೂ ಸೇರಿ ಬಾಯಿ ಉರಿದುಹೋಯಿತು. ಯಾರೂ ಗ್ಲಾಸ್ ಮುಗಿಸಲಿಲ್ಲ. ಅರ್ಧ ಬಾಟಲಿ ಉಳಿಯಿತು. ಮರುದಿನ ಸಂಜೆ ಅಡುಗೆಮನೆಯಲ್ಲಿ ಅದರ ಬಿರಡೆ ತೆಗೆದಾಗ ಗುಲಾಬಿಯ ವಾಸನೆ ಬಂತು. ಅಣ್ಣನನ್ನು ಕರೆದು ಒಂದು ಗುಟುಕು ಕೊಟ್ಟೆ. "ಇದು ನಿನ್ನೆಯದೇನಾ?" ಅಂದ. ಒಂದು ರಾತ್ರಿ ಗಾಳಿ ತಾಕಿದ್ದಕ್ಕೇ ಅಷ್ಟು ಬದಲಾಗಿತ್ತು.

ಆದ್ದರಿಂದ ಎಳೆಯ ಬರೋಲೊ ಕೊಂಡವರಿಗೆ ನನ್ನ ಮಾತು ಇಷ್ಟು. ಸಾಧ್ಯವಿದ್ದರೆ ಕೊಯ್ಲಿನ ವರ್ಷದಿಂದ ಹತ್ತು ವರ್ಷ ಬಿಡಿ. ಆಗದಿದ್ದರೆ ಕುಡಿಯುವ ದಿನ ಮೂರು ನಾಲ್ಕು ಗಂಟೆ ಮುಂಚೆ ಅಗಲ ತಳದ ಗಾಜಿನ ಜಗ್ಗಿಗೆ ಬಗ್ಗಿಸಿಡಿ. ಬರೀ ಬಿರಡೆ ತೆಗೆದಿಟ್ಟರೆ ಪ್ರಯೋಜನವಿಲ್ಲ. ಬಾಟಲಿಯ ಕತ್ತು ಸಣ್ಣದು, ಗಾಳಿ ತಾಕುವುದು ಅಲ್ಲಿನ ಮೇಲ್ಮೈಗೆ ಮಾತ್ರ.

ಬರೋಲೊ ಒಳಗೇ ಭೇದ ಇದೆ. ಲಾ ಮೊರ್ರಾ ಮತ್ತು ಬರೋಲೊ ಊರುಗಳ ಕಡೆಯದು ಸ್ವಲ್ಪ ಮೆದು, ಪರಿಮಳ ಹೆಚ್ಚು. ಸೆರ್ರಾಲುಂಗಾ ದಾಲ್ಬಾ, ಮೊನ್ಫೋರ್ತೆ ದಾಲ್ಬಾ ಕಡೆಯದು ಬಿಗಿ, ಮಾಗಲು ಹೆಚ್ಚು ಕಾಲ ಬೇಕು. ಮಣ್ಣಿನ ವಯಸ್ಸು, ರಚನೆ ಎರಡೂ ಬೇರೆ ಬೇರೆ. ಮಾಡುವ ರೀತಿಯಲ್ಲೂ ದೊಡ್ಡ ಜಗಳವೇ ನಡೆದಿದೆ. ಹಳಬರು ಸಿಪ್ಪೆಯ ಜೊತೆ ರಸವನ್ನು ತಿಂಗಳುಗಟ್ಟಲೆ ಇಟ್ಟು, ದೊಡ್ಡ ದೊಡ್ಡ ಹಳೆಯ ಪೀಪಾಯಿಯಲ್ಲಿ ಮಾಗಿಸುತ್ತಿದ್ದರು. 1980ರ ದಶಕದಲ್ಲಿ ಕೆಲವು ಯುವಕರು ಫ್ರಾನ್ಸಿನ 225 ಲೀಟರಿನ ಸಣ್ಣ ಪೀಪಾಯಿ 'ಬರ್ರೀಕ್' ತಂದರು. ಲಾ ಮೊರ್ರಾದ ಎಲಿಯೊ ಆಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಗರಗಸದ ಯಂತ್ರದಿಂದ ಕತ್ತರಿಸಿ ಹಾಕಿದರು. ಬರೋಲೊ ಊರಿನ ಬಾರ್ತೊಲೊ ಮಸ್ಕರೆಲ್ಲೊ ಎದುರು ಬದಿಯಲ್ಲಿ ನಿಂತು, ತಮ್ಮ ಲೇಬಲ್ಲಿನ ಮೇಲೇ ಬರ್ರೀಕ್ ಬೇಡ ಅಂತ ಬರೆದರು. ಈಗ ಆ ಜಗಳ ತಣ್ಣಗಾಗಿದೆ. ಆದರೂ ಕೊಳ್ಳುವಾಗ ಕೇಳಬೇಕು. ಸಣ್ಣ ಹೊಸ ಪೀಪಾಯಿಯದಾದರೆ ವೆನಿಲಾ, ಸುಟ್ಟ ಮರದ ವಾಸನೆ ಇರುತ್ತದೆ. ನನಗೆ ದೊಡ್ಡ ಪೀಪಾಯಿಯದೇ ಇಷ್ಟ. ಗುಲಾಬಿಯ ಮೇಲೆ ವೆನಿಲಾ ಕೂರಬಾರದು.

ಬರೋಲೊ ಇಷ್ಟ, ಆದರೆ ಅಷ್ಟು ಕಾಯಲಾರೆ ಅನ್ನುವವರಿಗೆ ಪಕ್ಕದ ಬಾರ್ಬರೆಸ್ಕೊ ಇದೆ. ಅದೇ ದ್ರಾಕ್ಷಿ, ಆಲ್ಬಾದ ಇನ್ನೊಂದು ದಿಕ್ಕು. ಅದು ಮಾಗಬೇಕಾದದ್ದು 26 ತಿಂಗಳು. ಕುಡಿಯಲು ಸ್ವಲ್ಪ ಬೇಗ ಹದಕ್ಕೆ ಬರುತ್ತದೆ. ಆ ಊರಿನ ರೈತರ ಸಹಕಾರ ಸಂಘ 'ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ' 1958ರಲ್ಲಿ ಶುರುವಾಯಿತು. ಸಹಕಾರ ಸಂಘದ ವೈನ್ ಅಂದರೆ ಸಾಧಾರಣ ಅಂದುಕೊಳ್ಳಬೇಡಿ. ಕೊಟ್ಟ ದುಡ್ಡಿಗೆ ಇಷ್ಟು ಒಳ್ಳೆಯ ನೆಬ್ಬಿಯೋಲೊ ನನಗೆ ಬೇರೆ ಕಡೆ ಸಿಕ್ಕಿದ್ದು ಕಡಿಮೆ.

ಬ್ರುನೆಲ್ಲೊ: ಹುಳಿಯ ಚುರುಕು

ಮೊಂತಾಲ್ಚಿನೊ ತೊಸ್ಕಾನಾದ ಗುಡ್ಡದ ಮೇಲಿನ ಒಂದು ಸಣ್ಣ ಊರು. ದಕ್ಷಿಣಕ್ಕೆ 1,738 ಮೀಟರ್ ಎತ್ತರದ ಅಮಿಯಾತಾ ಬೆಟ್ಟ ಕಾವಲಿಗೆ ನಿಂತಿದೆ. ಇಲ್ಲಿನ ದ್ರಾಕ್ಷಿ ಸಾಂಜೊವೇಸೆ. ಹೆಸರಿಗೆ ಜುಪಿಟರ್ ದೇವರ ರಕ್ತ ಅನ್ನುವ ಅರ್ಥ ಹೇಳುತ್ತಾರೆ. ನಮಗೂ ಇದು ತೀರಾ ದೂರದ್ದಲ್ಲ. ಹಂಪಿಯ ಕಡೆಯ ಗುಡ್ಡಗಳಲ್ಲಿ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಸಾಂಜೊವೇಸೆ ಬೆಳೆದು ವೈನ್ ಮಾಡುತ್ತಾರೆ. ಬ್ರುನೆಲ್ಲೊಗೆ ದುಡ್ಡು ಹಾಕುವ ಮುಂಚೆ ಅದರ ಒಂದು ಬಾಟಲಿ ಕುಡಿದು ನೋಡಿದರೆ ಈ ದ್ರಾಕ್ಷಿ ನಿಮ್ಮ ಬಾಯಿಗೆ ಹಿಡಿಸುತ್ತದಾ ಅಂತ ಗೊತ್ತಾಗುತ್ತದೆ.

ತೊಸ್ಕಾನಾದ ಇನ್ನೊಂದು ವೈನ್ ಕಿಯಾಂತಿಯಲ್ಲೂ ಇದೇ ದ್ರಾಕ್ಷಿ. ಆದರೆ ಅಲ್ಲಿ ಬೇರೆ ತಳಿ ಬೆರೆಸಲು ಅವಕಾಶ ಇದೆ. ಬ್ರುನೆಲ್ಲೊದಲ್ಲಿ ನೂರಕ್ಕೆ ನೂರು ಸಾಂಜೊವೇಸೆ. 2008ರಲ್ಲಿ ಕೆಲವರು ಬೇರೆ ದ್ರಾಕ್ಷಿ ಬೆರೆಸುತ್ತಿದ್ದಾರೆ ಅಂತ ತನಿಖೆ ನಡೆದು ಊರೆಲ್ಲ ಗುಲ್ಲಾಯಿತು. ನಿಯಮ ಸಡಿಲಿಸಬೇಕಾ ಅನ್ನುವ ಪ್ರಶ್ನೆ ಎದ್ದಾಗ ಬೆಳೆಗಾರರು ಮತ ಹಾಕಿ, ಒಂದೇ ದ್ರಾಕ್ಷಿ ಅನ್ನುವ ನಿಯಮವನ್ನೇ ಉಳಿಸಿಕೊಂಡರು. ನನಗೆ ಆ ನಿರ್ಧಾರದ ಮೇಲೆ ದೊಡ್ಡ ಗೌರವ.

ಇದರ ರುಚಿ ಹುಳಿಯ ಮೇಲೆ ನಿಂತಿದೆ. ಮೊದಲ ಗುಟುಕಿಗೇ ನಾಲಿಗೆಯ ಎರಡು ಪಕ್ಕದಲ್ಲಿ ನೀರೂರುತ್ತದೆ. ಪುನರ್ಪುಳಿ ಶರಬತ್ತು ಕುಡಿದು ಬೆಳೆದ ಕರಾವಳಿಯವರಿಗೆ ಈ ಚುರುಕು ಬೇಗ ಹಿಡಿಸುತ್ತದೆ. ಹುಳಿ ಚೆರ್ರಿ, ಒಣಗಿದ ಕಿತ್ತಳೆ ಸಿಪ್ಪೆ, ಚಹಾ ಎಲೆ, ಒಣಸೊಪ್ಪು, ಹೊಸ ಚರ್ಮದ ವಾಸನೆ. ಒಗರೂ ಇದೆ, ಆದರೆ ಬರೋಲೊದಷ್ಟು ಮುಂದೆ ಬಂದು ನಿಲ್ಲುವುದಿಲ್ಲ. ಮೂರರಲ್ಲಿ ಊಟದ ಜೊತೆ ಹೊಂದಿಕೊಳ್ಳುವುದು ಇದೇ ಸುಲಭ.

ಮಾರುಕಟ್ಟೆಗೆ ಬರುವ ಹೊತ್ತಿಗೆ ಇದು ಬರೋಲೊಗಿಂತ ಒಂದು ವರ್ಷ ದೊಡ್ಡದು. ಕೊಯ್ಲಾದ ಮೇಲೆ ಐದನೇ ವರ್ಷದ ಜನವರಿ 1ಕ್ಕಿಂತ ಮುಂಚೆ ಮಾರುವಂತಿಲ್ಲ. 2019ರ ಬ್ರುನೆಲ್ಲೊ ಹೊರಬಂದದ್ದು 2024ರ ಜನವರಿಯಲ್ಲಿ. ಮರದಲ್ಲಿ ಕನಿಷ್ಠ ಎರಡು ವರ್ಷ. ಬರೋಲೊಗೆ ನೂರಾರು ಬೆಳೆಗಾರರ ಕೈ ಸೇರಿ ಹೆಸರು ಬಂತು ಅಂದರೆ, ಬ್ರುನೆಲ್ಲೊಗೆ ಹೆಸರು ತಂದದ್ದು ಬಹುಮಟ್ಟಿಗೆ ಒಂದು ಮನೆತನ. ಫೆರ್ರುಚ್ಚೊ ಬಿಯೊಂದಿ ಸಾಂತಿ 1888ರಲ್ಲಿ ತಮ್ಮ ಗ್ರೆಪ್ಪೊ ತೋಟದ ಸಾಂಜೊವೇಸೆಯನ್ನು ಬೇರೆ ಯಾವುದನ್ನೂ ಬೆರೆಸದೆ ಬಾಟಲಿಗೆ ತುಂಬಿದರು. ಆ ಮನೆಯ ಬಾಟಲಿಗಳು ಈಗ ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲಿಲ್ಲ.

ಕೊಳ್ಳುವಾಗ ಒಂದು ವಿಷಯ ನೋಡಿ. ಊರಿನ ಉತ್ತರದ ತೋಟಗಳು ತಂಪು, ವೈನ್ ತೆಳ್ಳಗೆ ಚುರುಕಾಗಿರುತ್ತದೆ. ದಕ್ಷಿಣದ ಸಾಂತಾಂಜೆಲೊ ಇನ್ ಕೊಲ್ಲೆ ಕಡೆ ಬಿಸಿಲು ಜಾಸ್ತಿ. ಅಲ್ಲಿನದು ತುಂಬಿಕೊಂಡಿರುತ್ತದೆ, ಹಣ್ಣು ಹೆಚ್ಚು. 2010, 2015, 2016 ಇವು ಒಳ್ಳೆಯ ವರ್ಷಗಳು. 2014ರಲ್ಲಿ ಮಳೆ ಬಿದ್ದು ಕಷ್ಟವಾಗಿತ್ತು. ಹಾಗಂತ 2014 ಅಂದ ತಕ್ಷಣ ಬೇಡ ಅನ್ನಬೇಡಿ. ಒಳ್ಳೆಯ ತಯಾರಕರು ಅಂಥ ವರ್ಷ ಕಡಿಮೆ ಬಾಟಲಿ ಮಾಡುತ್ತಾರೆ, ಅವು ಬೇಗ ಹದಕ್ಕೂ ಬರುತ್ತವೆ.

ಅಮರೋನೆ: ಒಣಗಿಸಿ ಹಿಂಡಿದ್ದು

ವೆರೋನಾ ನಗರದ ಉತ್ತರಕ್ಕೆ ವಲ್ಪೊಲಿಚೆಲ್ಲಾ ಅನ್ನುವ ಕಣಿವೆಗಳ ಸೀಮೆ. ಅಲ್ಲಿ ಕೊರ್ವಿನಾ, ಕೊರ್ವಿನೋನೆ, ರೊಂದಿನೆಲ್ಲಾ ಅನ್ನುವ ದ್ರಾಕ್ಷಿಗಳನ್ನು ಕೊಯ್ದ ಕೂಡಲೇ ಹಿಂಡುವುದಿಲ್ಲ. ಗಾಳಿ ಆಡುವ ಅಟ್ಟದಲ್ಲಿ ಹರಡಿ ಒಣಗಲು ಬಿಡುತ್ತಾರೆ. ಮುಂಚೆ ಬಿದಿರಿನ ತಟ್ಟೆಗಳಿದ್ದವು, ಈಗ ಹೆಚ್ಚಾಗಿ ಸಣ್ಣ ಕ್ರೇಟುಗಳು. ಮೂರು ನಾಲ್ಕು ತಿಂಗಳು ಅಲ್ಲೇ ಇರುತ್ತವೆ. ತೂಕ ನೂರಕ್ಕೆ 30ರಿಂದ 40ರಷ್ಟು ಇಳಿಯುತ್ತದೆ. ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಚಳಿಗಾಲದ ನಡುವೆ ಹಿಂಡಿ ಹುದುಗಿಸುತ್ತಾರೆ. ಅಷ್ಟು ಸಕ್ಕರೆ ಇರುವುದರಿಂದ ಆಲ್ಕೊಹಾಲ್ ಮೇಲೇರುತ್ತದೆ. ನಿಯಮದಲ್ಲಿ ಕನಿಷ್ಠ ಶೇ 14 ಅಂತ ಇದ್ದರೂ ಬಾಟಲಿಯ ಮೇಲೆ 15, 16 ಕಾಣುವುದು ಸಾಮಾನ್ಯ.

ಒಣಗಿಸಿದ ದ್ರಾಕ್ಷಿಯಿಂದ ಅಲ್ಲಿ ಮೊದಲು ಮಾಡುತ್ತಿದ್ದದ್ದು ರೆಚೋತೊ ಅನ್ನುವ ಸಿಹಿ ವೈನ್. ವೆರೋನಾದ ಆಡುಮಾತಿನಲ್ಲಿ 'ರೆಚಾ' ಅಂದರೆ ಕಿವಿ. ಗೊಂಚಲಿನ ಮೇಲ್ಭಾಗದಲ್ಲಿ ಕಿವಿಯ ಹಾಗೆ ಎರಡು ಪಕ್ಕಕ್ಕೆ ಚಾಚಿದ ಭಾಗ ಚೆನ್ನಾಗಿ ಮಾಗಿರುತ್ತದೆ, ಅದರಿಂದ ಆ ಹೆಸರು. ಒಂದು ಸಲ ರೆಚೋತೊದ ಪೀಪಾಯಿ ಮರೆತುಹೋಗಿ, ಸಕ್ಕರೆಯೆಲ್ಲ ಆಲ್ಕೊಹಾಲ್ ಆಗಿ ಸಿಹಿ ಹೋಯಿತಂತೆ. ಅಲ್ಲಿನವರು ಹೇಳುವ ಕತೆ ಇದು. 'ಅಮಾರೊ' ಅಂದರೆ ಕಹಿ. ಅಮರೋನೆ ಅಂದರೆ ದೊಡ್ಡ ಕಹಿ. ಮಾರಾಟಕ್ಕೆ ಅಂತ ಮಾಡಲು ಶುರುವಾದದ್ದು ಕಳೆದ ಶತಮಾನದಲ್ಲಿ. ಮೂರರಲ್ಲಿ ಇದೇ ಕಿರಿಯದು. ಇಟಲಿಯ ಅತಿ ಮೇಲಿನ ದರ್ಜೆಯಾದ ಡಿಒಸಿಜಿ ಬರೋಲೊಗೂ ಬ್ರುನೆಲ್ಲೊಗೂ 1980ರಲ್ಲೇ ಸಿಕ್ಕಿತು. ಅಮರೋನೆಗೆ ಸಿಕ್ಕಿದ್ದು 2010ರಲ್ಲಿ.

ಕುಡಿದರೆ ಮೊದಲು ಬರುವುದು ಉತ್ತುತ್ತೆ, ಅಂಜೂರ, ಒಣದ್ರಾಕ್ಷಿ. ಆಮೇಲೆ ಕಾಫಿ ಪುಡಿ, ಕೊಕೊ, ಚಕ್ಕೆ. ಕೊನೆಗೆ ಗಂಟಲ ಹತ್ತಿರ ಸಣ್ಣ ಕಹಿ. ಬಾಯಿ ತುಂಬುತ್ತದೆ. ಮೊದಲ ಸಲ ವೈನ್ ಕುಡಿಯುವವರಿಗೂ ಇದು ಹಿಡಿಸುತ್ತದೆ. ಅದಕ್ಕೇ ಉಡುಗೊರೆಗೆ ಇದು ಒಳ್ಳೆಯದು. ಆದರೆ ಎರಡನೇ ಗ್ಲಾಸಿಗೆ ನಾನು ದಣಿಯುತ್ತೇನೆ. ತೂಕದ ವೈನ್ ಇದು. ಆರು ಜನ ಸೇರಿ ಊಟ ಮುಗಿದ ಮೇಲೆ ಒಂದೊಂದು ಗ್ಲಾಸ್ ಕುಡಿದರೆ ಇದರ ಗಮ್ಮತ್ತು. ಇಬ್ಬರೇ ಕೂತು ಬಾಟಲಿ ಮುಗಿಸುವುದಕ್ಕೆ ಇದನ್ನು ಕೊಳ್ಳಬೇಡಿ.

ಮೂರನ್ನೂ ಒಟ್ಟಿಗೆ ಇಟ್ಟು ನೋಡುವಾಗ

ಓದಿ ಆರಿಸುವುದಕ್ಕಿಂತ ಏಳೆಂಟು ಜನ ದುಡ್ಡು ಸೇರಿಸಿ ಮೂರನ್ನೂ ಒಂದೇ ಸಂಜೆ ತೆರೆಯುವುದು ಮೇಲು. ರುಚಿ ನೋಡಲು ಒಬ್ಬರಿಗೆ 50 ಮಿಲಿ ಸಾಕು. ಒಂದು ಬಾಟಲಿಯಲ್ಲಿ ಅಂಥ 15 ಪಾಲು. ಎಂಟು ಜನ ಒಂದು ಸುತ್ತು ನೋಡಿ, ಇಷ್ಟವಾದದ್ದನ್ನು ಇನ್ನೊಮ್ಮೆ ಬಗ್ಗಿಸಿಕೊಳ್ಳುವಷ್ಟು ಉಳಿಯುತ್ತದೆ.

ಆ ದಿನ ಕೋಣೆಯಲ್ಲಿ ಊದುಬತ್ತಿ ಬೇಡ. ಒಳಗೆ ಒಗ್ಗರಣೆಯೂ ಬೇಡ. ಮಲ್ಲಿಗೆ ಮುಡಿದವರು, ಸೆಂಟ್ ಹಾಕಿದವರು ಇದ್ದರೆ ಗ್ಲಾಸಿನೊಳಗಿನದು ಯಾರ ಮೂಗಿಗೂ ಸಿಗುವುದಿಲ್ಲ. ಗ್ಲಾಸ್ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರಲಿ. ಮೂರು ಬಗೆಗೂ ಒಂದೇ ಥರದ್ದು ಇರಬೇಕು, ಇಲ್ಲದಿದ್ದರೆ ಹೋಲಿಕೆ ಸರಿಹೋಗುವುದಿಲ್ಲ. ಸೋಪಿನ ವಾಸನೆ ಉಳಿಯದ ಹಾಗೆ ಬಿಸಿನೀರಿನಲ್ಲಿ ತೊಳೆಯಿರಿ.

ವೈನ್ ಎಷ್ಟು ತಣ್ಣಗಿದೆ ಅನ್ನುವುದು ತುಂಬ ಮುಖ್ಯ. ಕೋಣೆಯ ಬಿಸಿಯಲ್ಲೇ ಕೆಂಪು ವೈನ್ ಕುಡಿಯಬೇಕು ಅನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಈ ವೈನುಗಳಿಗೆ 16ರಿಂದ 18 ಡಿಗ್ರಿ ಹದ. ನಮ್ಮ ಊರಿನ 27 ಡಿಗ್ರಿಯಲ್ಲಿ ಅಮರೋನೆ ಬಗ್ಗಿಸಿದರೆ ಆಲ್ಕೊಹಾಲಿನ ಘಾಟು ಬಿಟ್ಟು ಬೇರೇನೂ ಸಿಗುವುದಿಲ್ಲ. ಬಾಟಲಿಯನ್ನು ಆ ಹದಕ್ಕೆ ಬರುವ ತನಕ ಫ್ರಿಜ್ಜಿನಲ್ಲಿಡಿ. ಮನೆಯಲ್ಲಿ ಮುಜುಗರಪಟ್ಟು ಇದನ್ನು ಬಿಡುವವರನ್ನು ನೋಡಿದ್ದೇನೆ. ಬಿಡಬೇಡಿ.

ಮೊದಲು ಬ್ರುನೆಲ್ಲೊ, ಆಮೇಲೆ ಬರೋಲೊ, ಕೊನೆಗೆ ಅಮರೋನೆ. ಅಮರೋನೆ ಮೊದಲು ಕುಡಿದರೆ ಉಳಿದೆರಡೂ ಸಪ್ಪೆ ಹುಳಿನೀರಿನ ಹಾಗೆ ಕಾಣುತ್ತವೆ. ಬರೋಲೊ ಮೊದಲು ಕುಡಿದರೆ ಅದರ ಒಗರು ಬಾಯಲ್ಲಿ ಉಳಿದು ಬ್ರುನೆಲ್ಲೊದ ಸೂಕ್ಷ್ಮ ಹೋಗುತ್ತದೆ. ಬಾಟಲಿಗೆ ಪೇಪರ್ ಸುತ್ತಿ ನಂಬರ್ ಹಾಕಿಟ್ಟರೆ ಇನ್ನೂ ಒಳ್ಳೆಯದು. ಬೆಲೆ, ಹೆಸರು ಕಂಡರೆ ನಾಲಿಗೆ ಅದಕ್ಕೆ ತಕ್ಕ ಹಾಗೆ ರುಚಿ ಹೇಳುತ್ತದೆ.

ಬಿಳಿ ಹಾಳೆಯ ಮೇಲೆ ಗ್ಲಾಸ್ ಓರೆ ಮಾಡಿ ಬಣ್ಣ ನೋಡಿ. ಅಲ್ಲಾಡಿಸದೆ ಒಮ್ಮೆ ಮೂಸಿ, ಅಲ್ಲಾಡಿಸಿ ಇನ್ನೊಮ್ಮೆ ಮೂಸಿ. ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಡಬ್ಬದ ವಾಸನೆ ಬಂದರೆ ಅದು ಬಿರಡೆಯಿಂದ ಕೆಟ್ಟ ಬಾಟಲಿ. ವೈನಿನ ತಪ್ಪಲ್ಲ, ನಿಮ್ಮ ಮೂಗಿನ ತಪ್ಪೂ ಅಲ್ಲ. ಗಾಳಿಗಿಟ್ಟರೆ ಅದು ಹೋಗುವುದೂ ಇಲ್ಲ. ಅಂಗಡಿಗೆ ವಾಪಸ್ ಕೊಡಿ. ಗುಟುಕನ್ನು ಬಾಯಲ್ಲಿ ಒಂದು ಐದು ಸೆಕೆಂಡು ಆಡಿಸಿ, ಮೂರು ವಿಷಯ ಬರೆದುಕೊಳ್ಳಿ. ಒಗರು ಎಲ್ಲಿ ಹಿಡಿಯಿತು, ಒಸಡಿನಲ್ಲೋ ನಾಲಿಗೆಯಲ್ಲೋ. ನೀರೂರಿತಾ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತು. ಒಳ್ಳೆಯ ಬರೋಲೊದ ರುಚಿ ನೀವು ಮಾತಾಡಿ ಮುಗಿಸಿದ ಮೇಲೂ ಬಾಯಲ್ಲಿ ಇರುತ್ತದೆ. ಹಣ್ಣಿನ ಹೆಸರುಗಳು ಹೊಳೆಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅವು ಆಮೇಲೆ ಬರುತ್ತವೆ.

ಊಟದ ವಿಷಯ. ಮೂರಕ್ಕೂ ಖಾರ ಆಗುವುದಿಲ್ಲ. ಒಗರು, ಆಲ್ಕೊಹಾಲ್ ಎರಡೂ ಖಾರವನ್ನು ಎಬ್ಬಿಸುತ್ತವೆ. ಇಲ್ಲಿ ಬರೋಲೊ ಜೊತೆ ವೈನಿನಲ್ಲೇ ಬೇಯಿಸಿದ ದನದ ಮಾಂಸ, ಬ್ರುನೆಲ್ಲೊ ಜೊತೆ ಕಾಡುಹಂದಿ, ಕುರಿಹಾಲಿನ ಪೆಕೊರೀನೊ ಗಿಣ್ಣು, ಅಮರೋನೆ ಜೊತೆ ನೀಲಿ ಗೆರೆಯ ಗೊರ್ಗೊಂಝೋಲಾ ಗಿಣ್ಣು ಇಡುತ್ತಾರೆ. ಸಸ್ಯಾಹಾರಿಗಳಿಗೆ ಅಣಬೆ ರಿಸೊತ್ತೊ (ಇಟಲಿಯ ಮೆತ್ತನೆಯ ಅನ್ನದ ಅಡುಗೆ) ಮೂರರ ಜೊತೆಗೂ ಸೇರುತ್ತದೆ. ಬೆಣ್ಣೆಯಲ್ಲಿ ಹುರಿದ ಅಣಬೆ, ಸುಟ್ಟ ಬದನೆಕಾಯಿಯೂ ಆಗುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಎರಡು ವಿಷಯ ತಿಳಿದಿರಬೇಕು. ರಿಸೊತ್ತೊಗೆ ತುರಿದು ಹಾಕುವ ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿಗೆ ಹಾಲು ಒಡೆಯಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕೆಲವು ಕೆಂಪು ವೈನುಗಳನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಬಳಸುತ್ತಾರೆ. ಬೇಡ ಅನ್ನುವವರು 'ವೇಗನ್' ಗುರುತು ಇರುವ ಬಾಟಲಿ ಹುಡುಕಬೇಕು.

ಮೊದಲು ತಮ್ಮನ ಪರಿಚಯ ಮಾಡಿಕೊಳ್ಳಿ

ಮೂರು ವೈನಿಗೂ ಒಂದೊಂದು ತಮ್ಮ ಇದ್ದಾನೆ. ಅದೇ ನೆಲ, ಅದೇ ದ್ರಾಕ್ಷಿ, ಕಡಿಮೆ ಕಾಲ ಮಾಗಿದ್ದು. ಬರೋಲೊಗೆ ಲಾಂಗೆ ನೆಬ್ಬಿಯೋಲೊ, ಬ್ರುನೆಲ್ಲೊಗೆ ರೊಸ್ಸೊ ದಿ ಮೊಂತಾಲ್ಚಿನೊ, ಅಮರೋನೆಗೆ ವಲ್ಪೊಲಿಚೆಲ್ಲಾ ರಿಪಾಸ್ಸೊ. ಅಮರೋನೆ ಹಿಂಡಿ ಉಳಿದ ಚರಟದ ಮೇಲೆ ಸಾದಾ ವಲ್ಪೊಲಿಚೆಲ್ಲಾ ವೈನನ್ನು ಮತ್ತೆ ಹಾಯಿಸಿ ಮಾಡುವುದು ರಿಪಾಸ್ಸೊ. ಇವೆಲ್ಲ ಇಟಲಿಯಲ್ಲಿ ಸುಮಾರು 12ರಿಂದ 25 ಯೂರೊ. ರೊಸ್ಸೊ ಕುಡಿದು ಹುಳಿ ಜಾಸ್ತಿ ಅನ್ನಿಸಿದವರಿಗೆ ಬ್ರುನೆಲ್ಲೊ ಹಿಡಿಸುವುದು ಕಷ್ಟ. ಮೂರೂ ತಮ್ಮಂದಿರನ್ನು ಒಂದು ಅಮರೋನೆಯ ಬೆಲೆಗೆ ಕುಡಿದು ನೋಡಬಹುದು. ಆಮೇಲೆ ಅಣ್ಣನ ಮೇಲೆ ದುಡ್ಡು ಹಾಕಿ.

ಲೇಬಲ್ಲಿನಲ್ಲಿ 'ರಿಸೇರ್ವಾ' ಕಂಡರೆ ಹೆಚ್ಚು ಕಾಲ ಮಾಗಿದೆ ಅಂತ ಮಾತ್ರ ಅರ್ಥ. ಈ ವಾರ ಕುಡಿಯುವವರಿಗೆ ಅದರ ಹೆಚ್ಚುವರಿ ದುಡ್ಡು ದಂಡ. ಕತ್ತಿನ ಮೇಲೆ ಸರ್ಕಾರದ ನಂಬರ್ ಇರುವ ಪಟ್ಟಿ ಇದೆಯಾ ನೋಡಿ. ನಮ್ಮ ಕಡೆಯ ಅಂಗಡಿಯಲ್ಲಿ ಕೊಳ್ಳುವಾಗ ಬಿರಡೆಯ ಮೇಲೂ ಕಣ್ಣಿರಲಿ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಸುತ್ತ ವೈನ್ ಒಸರಿದ ಕಲೆ ಇದ್ದರೆ ಆ ಬಾಟಲಿ ಎಲ್ಲೋ ಬಿಸಿಲಿನಲ್ಲಿ ಬೆಂದಿದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ತೊಸ್ಕಾನಾದ ಬೊಲ್ಗೆರಿಯ ಹೆಸರಾಂತ ವೈನ್ ಸಸ್ಸಿಕಾಯಾವನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. 1968ರ ಕೊಯ್ಲಿನಿಂದ ಮಾರಾಟಕ್ಕೆ ಬಂದ ಆ ವೈನ್ ಕ್ಯಾಬರ್ನೆ ದ್ರಾಕ್ಷಿಯದು. ತುಂಬ ಚೆಂದದ ವೈನ್, ಆದರೆ ಬೆಲೆ ಇವುಗಳ ಹಲವು ಪಟ್ಟು. ಫ್ರಾನ್ಸಿನ ಬೊರ್ಡೊ ವೈನ್ ಇಷ್ಟಪಡುವವರಿಗೆ ಸರಿ. ಇಟಲಿಯದೇ ದ್ರಾಕ್ಷಿ ಬೇಕು, ಬೆಲೆ ಕಡಿಮೆ ಇರಲಿ ಅನ್ನುವವರು ದಕ್ಷಿಣ ಇಟಲಿಯ ಕಂಪಾನಿಯಾದ ತೌರಾಸಿ ವೈನ್ ನೋಡಿ. ಅಲ್ಯಾನಿಕೊ ದ್ರಾಕ್ಷಿ, ಬರೋಲೊಗೆ ಸಾಟಿಯಾದ ಒಗರು. ತೆಳ್ಳಗೆ ಬೇಕಿದ್ದರೆ ಸಿಸಿಲಿಯ ಜ್ವಾಲಾಮುಖಿಯ ಇಳಿಜಾರಿನ ಎತ್ನಾ ರೊಸ್ಸೊ.

ಹಾಗಾದರೆ ಯಾವ ಎರಡು?

ಊರಿಗೆ ಹೋದ ವಾರದಲ್ಲೇ ತೆರೆಯುವುದಾದರೆ ನನ್ನ ಸೂಟ್‌ಕೇಸಿನಲ್ಲಿ ಬ್ರುನೆಲ್ಲೊ, ಅಮರೋನೆ. ಬ್ರುನೆಲ್ಲೊ ಊಟದ ಜೊತೆಗೆ, ಅಮರೋನೆ ಊಟ ಮುಗಿದ ಮೇಲೆ ಎಲ್ಲರೂ ಕೂತು ಮಾತಾಡುವಾಗ. ಕುಡಿಯುವವರಲ್ಲಿ ಹೊಸಬರೇ ಹೆಚ್ಚಿದ್ದು ಒಂದೇ ಬಾಟಲಿ ತರುವುದಾದರೆ ಅಮರೋನೆ. ನೇರಳೆಹಣ್ಣಿಗೆ ಉಪ್ಪು ಹಾಕಿ ಬುಟ್ಟಿಗಟ್ಟಲೆ ತಿನ್ನುವವರು, ಡಿಕಾಕ್ಷನ್ ಗಟ್ಟಿ ಬೇಕು ಅನ್ನುವವರು ಮನೆಯಲ್ಲಿದ್ದರೆ ಬರೋಲೊ ಧೈರ್ಯವಾಗಿ ತನ್ನಿ, ಆದರೆ ಹತ್ತು ವರ್ಷ ದಾಟಿದ್ದನ್ನೇ ತನ್ನಿ. ಮಗು ಹುಟ್ಟಿದ ವರ್ಷದ ನೆನಪಿಗೆ ಇಡುವುದಾದರೂ ಬರೋಲೊವೇ. ಇಪ್ಪತ್ತು ವರ್ಷ ನಿಲ್ಲುತ್ತದೆ. ಆದರೆ ನಮ್ಮ ಊರಿನ ಬೀರುವಿನಲ್ಲಿ ನಿಲ್ಲುವುದಿಲ್ಲ. ವರ್ಷವಿಡೀ 12ರಿಂದ 15 ಡಿಗ್ರಿ ಇರುವ ಜಾಗ ಇದ್ದರೆ ಮಾತ್ರ ಇಡಿ. ಅಣ್ಣನ ಮಗಳು ಹುಟ್ಟಿದ ವರ್ಷದ್ದು ಒಂದು ಇಲ್ಲಿ ತೊರೀನೊದ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಮಲಗಿದೆ. ಅವಳು ಈಗ ಏಳನೇ ಕ್ಲಾಸು.

ಬಾಟಲಿಯನ್ನು ದಪ್ಪ ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯ ಇಡಿ. ಕೈಚೀಲದಲ್ಲಿ ಬಿಡುವುದಿಲ್ಲ. ಮನೆ ತಲುಪಿದ ದಿನವೇ ತೆರೆಯಬೇಡಿ. ಹಳೆಯ ವೈನಿನ ತಳದ ಗಷ್ಟು ಪ್ರಯಾಣದಲ್ಲಿ ಕದಡಿರುತ್ತದೆ. ಎರಡು ಮೂರು ದಿನ ಮನೆಯ ತಂಪಾದ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಗ್ಗಿಸುವಾಗ ನಿಧಾನವಾಗಿ, ಒಂದೇ ಸಲಕ್ಕೆ ಬಗ್ಗಿಸಿ, ಕತ್ತಿನ ಹತ್ತಿರ ಕೆಸರು ಬಂದದ್ದು ಕಂಡ ಕೂಡಲೇ ನಿಲ್ಲಿಸಿ.